ನೆಲದಡಿಯ ನೀರು ಮತ್ತು ಕಾಂಗ್ ಗ್ರಾಮ

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಮೇಯೊ ಮತ್ತು ಗಾಲ್ವೇ ಕೌಂಟಿಗಳ ಗಡಿಯಲ್ಲಿರುವ ಕಾಂಗ್ ಎಂಬ ಸಣ್ಣ ಹಳ್ಳಿಯು, ಉತ್ತರದ ಮಾಸ್ಕ್ ಸರೋವರಕ್ಕೂ ದಕ್ಷಿಣದ ಕೊರಿಬ್ ಸರೋವರಕ್ಕೂ ನಡುವಿನ ಕಿರಿದಾದ ನೆಲದಲ್ಲಿ ನೆಲೆಸಿದೆ. ಇಲ್ಲಿನ ನೆಲವೆಲ್ಲ ಸುಣ್ಣಕಲ್ಲಿನದು. ನೀರು ಯುಗಯುಗಗಳಿಂದ ಕರಗಿಸಿ ಕೊರೆದ ಬಿರುಕು ಗವಿಗಳೊಳಗೆ ಮಾಸ್ಕ್ ಸರೋವರದ ನೀರು ಕಣ್ಮರೆಯಾಗಿ ಹರಿದು, ಕಾಂಗ್‌ನ ಬಳಿ ಬುಗ್ಗೆಗಳಾಗಿ ಮೇಲೆದ್ದು, ಪುಟ್ಟದೊಂದು ಹೊಳೆಯಾಗಿ ಕೊರಿಬ್ ಸೇರುತ್ತದೆ. ಊರಿನ ಚರಿತ್ರೆಯನ್ನು ಅರಸರಿಂದ ಆರಂಭಿಸುವುದು ರೂಢಿಯಾದರೂ, ಅದರ ಬದುಕನ್ನು ತಿದ್ದಿದ್ದು ಈ ನೀರೇ.

7ನೆಯ ಶತಮಾನದ ಸಂತ ಫೆಹಿನ್‌ನ ಹೆಸರಿನೊಂದಿಗೆ ಬೆಸೆದುಕೊಂಡ ಈ ಸ್ಥಳದಲ್ಲಿ, 12ನೆಯ ಶತಮಾನದಲ್ಲಿ ಕನಾಕ್ಟ್ ಪ್ರಾಂತದ ಅರಸ ಟರ್ಲೋ ಓ'ಕಾನರ್‌ನ ಆಶ್ರಯದಲ್ಲಿ, ಸಂತ ಅಗಸ್ಟೀನನ ನಿಯಮಾವಳಿಯಂತೆ ಬಾಳುವ ಪಾದ್ರಿಗಳ ಮಠವೊಂದು ಬೆಳೆಯಿತು. ಕ್ರಿಸ್ತನ ಶಿಲುಬೆಯದೆಂದು ನಂಬಲಾದ ಮರದ ಚೂರನ್ನು ಇರಿಸಲು 1123ರಲ್ಲಿ ಅದೇ ಅರಸ ಮಾಡಿಸಿದ ‘ಕಾಂಗ್ ಶಿಲುಬೆ’ ಈಗ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅವನ ಮಗ, ಐರ್ಲೆಂಡಿನ ಕೊನೆಯ ಮಹಾರಾಜನೆನಿಸಿದ ರೋರಿ, ಅಧಿಕಾರ ಕಳೆದುಕೊಂಡು 1198ರಲ್ಲಿ ಕಾಂಗ್‌ನಲ್ಲಿಯೇ ತೀರಿಕೊಂಡನು. ಮಠದವರು ಹೊಳೆಯನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ನೀರಿನ ಮೇಲೆಯೇ ಕಟ್ಟಿದ ಅವರ ಮೀನುಮನೆ ಸಾಕ್ಷಿ: ನೆಲಹಾಸಿನ ಕಂಡಿಯಿಂದ ಕೆಳಗಿನ ಹರಿವಿಗೆ ಬಲೆ ಇಳಿಬಿಡುತ್ತಿದ್ದರು, ಮೀನು ಸಿಕ್ಕೊಡನೆ ಹಗ್ಗ ಎಳೆದು ಅಡುಗೆಮನೆಯ ಗಂಟೆ ಬಾರಿಸುತ್ತಿದ್ದರು ಎಂದು ಪ್ರತೀತಿ.

1852ರಲ್ಲಿ ಬಿಯರ್ ತಯಾರಕರಾದ ಗಿನ್ನೆಸ್ ಮನೆತನವು ಪಕ್ಕದ ಆಶ್‌ಫರ್ಡ್ ಎಸ್ಟೇಟನ್ನು ಕೊಂಡಿತು. 1951ರಲ್ಲಿ ಚಲನಚಿತ್ರ ನಿರ್ದೇಶಕ ಜಾನ್ ಫೋರ್ಡ್ ಇಲ್ಲಿ ಚಿತ್ರೀಕರಿಸಿದ ‘ದಿ ಕ್ವೈಟ್ ಮ್ಯಾನ್’ ಊರಿಗೆ ಪ್ರವಾಸಿಗರನ್ನು ತಂದಿತು. ಆದರೆ ಇವೆರಡಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದುದು, ಸ್ಥಳೀಯರು ‘ಒಣ ಕಾಲುವೆ’ ಎಂದು ಕರೆಯುವ ನಿರ್ಮಾಣ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆವರಿಸಿದ ಮೇಲೆ, ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿಯೂ, ಎರಡು ಸರೋವರಗಳ ನಡುವೆ ದೋಣಿಸಂಚಾರ ಸಾಧಿಸುವ ಯೋಜನೆಯಾಗಿಯೂ 1848ರಲ್ಲಿ ಇದರ ಅಗೆತ ಆರಂಭವಾಯಿತು. ಬಂಡೆಯನ್ನು ಸೀಳಿ, ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ‘ಲಾಕ್’ ಎಂಬ ತೊಟ್ಟಿಗಳಿಗೆ ಕಲ್ಲು ಕೆತ್ತಿ ನಿಲ್ಲಿಸಿದ ಆ ಕೆಲಸದ ಅಚ್ಚುಕಟ್ಟು, ಅದನ್ನು ಮಾಡಿದವರ ಹಸಿವನ್ನು ನೆನೆದಾಗ ಎದೆ ಕಲಕುತ್ತದೆ. ಆದರೆ ಕಾಲುವೆಯ ಸುಣ್ಣಕಲ್ಲಿನ ತಳದಲ್ಲಿ ನೀರು ನಿಲ್ಲದೆ ಇಂಗಿಹೋಗುತ್ತಿತ್ತು. 1854ರಲ್ಲಿ ಕಾಮಗಾರಿ ನಿಂತಿತು. ವೈಫಲ್ಯಕ್ಕೆ ಬಂಡೆಯೊಂದನ್ನೇ ದೂರುವ ಜನಪ್ರಿಯ ವಿವರಣೆ ಮಾತ್ರ ಅಪೂರ್ಣ: 1851ರಲ್ಲಿಯೇ ಡಬ್ಲಿನ್‌ನಿಂದ ಗಾಲ್ವೇವರೆಗೆ ರೈಲು ಬಂದಿದ್ದರಿಂದ, ದೋಣಿಸಾಗಣೆಗಾಗಿ ಮತ್ತಷ್ಟು ಹಣ ಸುರಿಯಲು ಕಾರಣವೂ ಉಳಿದಿರಲಿಲ್ಲ.