ಅಕ್ಕಿಆಲೂರು ನಿಧಿ: ರೋಮನ್ ಚಿನ್ನದ ನಾಣ್ಯಗಳು ಮತ್ತು ಅವುಗಳ ಕಾಲ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ರೋಮನ್ ಹಾಗೂ ಬೈಜಾಂಟಿನ್ ಚಿನ್ನದ ನಾಣ್ಯಗಳ ಗುಂಪು. ಬೆಂಗಳೂರಿನ ಯಶವಂತಪುರ, ಚಿತ್ರದುರ್ಗದ ಚಂದ್ರವಳ್ಳಿಗಳಲ್ಲಿ ಸಿಕ್ಕವು ಹೆಚ್ಚಾಗಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಕಾಲದ ಬೆಳ್ಳಿಯ ದಿನಾರಿಯಸ್‌ಗಳು. ಕರ್ನಾಟಕದಲ್ಲಿ ರೋಮಿನ ಚಿನ್ನ ವಿರಳ. ಅಕ್ಕಿಆಲೂರಿನ ಮಹತ್ವ ಅದರಿಂದಲೇ.

ಕಾಲನಿರ್ಣಯ

ಮೊದಲ ಸುಳಿವು ತೂಕ. ಆಗಸ್ಟಸನ ಕಾಲದ ಚಿನ್ನದ ನಾಣ್ಯವಾದ ಆರಿಯಸ್ ಸುಮಾರು 7.9 ಗ್ರಾಂ ತೂಗುತ್ತಿತ್ತು. ಕ್ರಿ.ಶ. 64ರ ಸುಮಾರಿಗೆ ನೀರೋ ಅದನ್ನು ರೋಮನ್ ಪೌಂಡಿನ 1/45 ಭಾಗಕ್ಕೆ, 215ರ ಹೊತ್ತಿಗೆ ಕ್ಯಾರಕಲ್ಲ 1/50 ಭಾಗಕ್ಕೆ ಇಳಿಸಿದರು. ಆಮೇಲೆ ಬಂದ ಕಾನ್‌ಸ್ಟಂಟೈನನ ಚಿನ್ನದ ನಾಣ್ಯ ಸಾಲಿಡಸ್ 1/72 ಭಾಗ, ಅಂದರೆ ಸುಮಾರು 4.5 ಗ್ರಾಂ.

ಎರಡನೆಯದು ಬರಹ. ಚಕ್ರವರ್ತಿಯ ಟ್ರಿಬ್ಯೂನ್ ಅಧಿಕಾರ ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತಿದ್ದುದರಿಂದ, ಅದರ ಸಂಖ್ಯೆ ಕೆತ್ತಿದ್ದರೆ ಟಂಕಿಸಿದ ವರ್ಷವೇ ತಿಳಿಯುತ್ತದೆ. ಎಲ್ಲ ನಾಣ್ಯಗಳೂ ಇಷ್ಟು ಉದಾರವಲ್ಲ. ಟೈಬೀರಿಯಸನ ಅತಿ ಸಾಮಾನ್ಯ ಮಾದರಿಯಲ್ಲಿ ಅಂಥ ಸಂಖ್ಯೆಯಿಲ್ಲ. 14ರಿಂದ 37ರವರೆಗಿನ ಇಡೀ ಆಳ್ವಿಕೆಯೇ ಅದರ ಅವಧಿ. ಎರಡನೆಯ ಥಿಯೋಡೋಸಿಯಸನ ಒಂದು ಸಾಲಿಡಸ್ ಇದಕ್ಕೆ ತದ್ವಿರುದ್ಧ: ಆಳ್ವಿಕೆಯ 42ನೆಯ ವರ್ಷ, 17ನೆಯ ಕಾನ್ಸುಲ್ ಪದವಿ ಎಂದು ಅದೇ ಹೇಳಿಕೊಳ್ಳುತ್ತದೆ. ಆತ ಪಟ್ಟಕ್ಕೆ ಬಂದದ್ದು 402ರಲ್ಲಿ. ಲೆಕ್ಕ 443ರ ಸುಮಾರಿಗೆ ನಿಲ್ಲುತ್ತದೆ.

ಆದರೆ ಟಂಕಿಸಿದ ಕಾಲ ಬೇರೆ, ಮಣ್ಣು ಸೇರಿದ ಕಾಲ ಬೇರೆ. ಅಕ್ಕಿಆಲೂರಿನ ಗುಂಪಿನಲ್ಲಿ ಸೆಪ್ಟಿಮಿಯಸ್ ಸೆವೆರಸನ (193–211) ಕಾಲದ ಚಿನ್ನದ ಜೊತೆಗೇ 5–6ನೆಯ ಶತಮಾನದ ಸಾಲಿಡಸ್‌ಗಳಿವೆ. ತೀರ ಈಚಿನ ನಾಣ್ಯಗಳು ಮೊದಲನೆಯ ಜಸ್ಟಿನನ (518–527) ಆಳ್ವಿಕೆಗೆ ಸೇರಿದವೆಂದು ಒಪ್ಪಿದರೆ, ನಿಧಿಯನ್ನು ಹೂತದ್ದು ಅದಕ್ಕಿಂತ ಮೊದಲಿರಲಾರದು. ಸೆವೆರಸನ ನಾಣ್ಯವೊಂದೇ ಕೈಗೆ ಸಿಕ್ಕಿದ್ದರೆ ಲೆಕ್ಕ ಮುನ್ನೂರು ವರ್ಷ ತಪ್ಪುತ್ತಿತ್ತು.

ಹಲವು ಸಾಲಿಡಸ್‌ಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿವೆ. ಕೊರಳಲ್ಲಿ ಧರಿಸಿದಾಗ ಮುಖ ನೇರವಾಗಿ ಕಾಣಲೆಂದೇ ಹಾಗೆ ಕೊರೆದಿರಬೇಕು. ಚಲಾವಣೆಗಿಂತ ಒಡವೆಯಾಗಿ ಬಾಳಿದ ನಾಣ್ಯವನ್ನು ವ್ಯಾಪಾರದ ಪುರಾವೆಯೆನ್ನುವಾಗ ಎಚ್ಚರ ಬೇಕು. ಭಾರತದಲ್ಲೇ ತಯಾರಾದ ಅನುಕರಣೆಗಳೂ ಇವೆ. ಅವುಗಳ ಬರಹ ಕೆಟ್ಟು ಬರಿಯ ಗೆರೆಗಳಾಗಿರುವುದರಿಂದ ವರ್ಷ ಓದುವ ಪ್ರಶ್ನೆಯೇ ಇಲ್ಲ.

ಬೆಳಗಾವಿ ಭಾಗ

ಇದೇ ಎಚ್ಚರ ಬೆಳಗಾವಿ ಭಾಗದಲ್ಲೂ ಬೇಕು. ಬೆಳಗಾವಿ ಬಳಿಯ ವಡಗಾಂವ–ಮಾಧವಪುರ ಶಾತವಾಹನರ ಕಾಲದ ನೆಲೆ. ಖಾನಾಪುರ ತಾಲ್ಲೂಕಿನ ಹಲಸಿ, ಸಾಲಿಡಸ್‌ಗಳಿಗೆ ಸಮಕಾಲೀನರಾದ ಕದಂಬರ ಪಟ್ಟಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಮನೆತನದ ಒಡವೆಯಾಗಿ ಬಂದ, ಮನುಷ್ಯಾಕೃತಿಯ ಪರದೇಶಿ ಚಿನ್ನದ ನಾಣ್ಯವನ್ನು ರೋಮಿನದೆಂದು ಕರೆಯುವ ಮೊದಲು ಪುತಳಿ ಸರವನ್ನು ನೆನೆಯಬೇಕು. ಪುತಳಿಗಳ ಮೂಲ 1284ರಿಂದ ಟಂಕಿಸಿದ ವೆನಿಸ್ಸಿನ ಡಕಟ್. ಅದರ ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ, ಇನ್ನೊಂದರಲ್ಲಿ ನಿಂತ ಕ್ರಿಸ್ತ. ತೂಕ ಸುಮಾರು 3.5 ಗ್ರಾಂ. ತೂತು ಬಿದ್ದು ಸವೆದ ಸಾಲಿಡಸ್ ಕೂಡ ಹಗುರಾಗುತ್ತದೆ. ತಕ್ಕಡಿಯನ್ನು ನಂಬಿ ಕೂರದೆ ಅಂಚಿನ ಅಕ್ಷರಗಳನ್ನೂ ಓದಬೇಕು.