ಸಂಜ್ಞಾಭಾಷೆಯ ಮಸ್ತಿಷ್ಕನಕ್ಷೆ
ಮಿದುಳಿನ ಗಡ್ಡೆಯನ್ನಾಗಲಿ ಅಪಸ್ಮಾರಕ್ಕೆ ಮೂಲವಾದ ಭಾಗವನ್ನಾಗಲಿ ಛೇದಿಸುವಾಗ, ಕಿವುಡ ರೋಗಿಯನ್ನು ಎಚ್ಚರದಲ್ಲಿರಿಸಿ, ಆತನ ನುಡಿಗೆ ಆಧಾರವಾದ ತಾಣಗಳನ್ನು ಮೃದುವಾದ ವಿದ್ಯುತ್ ಪ್ರಚೋದನೆಯಿಂದ ಗುರುತಿಸುವ ವಿಧಾನ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲದಿರುವುದರಿಂದಲೇ ಇದು ಸಾಧ್ಯ. ಕೈಯೇ ನಾಲಗೆಯಾದ ಈ ರೋಗಿಯ ತೋಳುಗಳನ್ನು ಬಂಧಿಸದೆ, ಸಂಜ್ಞೆ ಮಾಡುವ ಕೈಗೆ ಸೂಜಿ ಚುಚ್ಚದೆ, ದುಭಾಷಿಯ ಮುಖವೂ ಹಸ್ತಗಳೂ ಸ್ಪಷ್ಟವಾಗಿ ಕಾಣುವಂತೆ ಶಸ್ತ್ರಚಿಕಿತ್ಸೆಯ ತೆರೆಯನ್ನು ಸರಿಸಿ, ಒಂದೊಂದೇ ಚಿತ್ರವನ್ನು ತೋರಿಸಿ ಅದರ ಹೆಸರನ್ನು ಸಂಜ್ಞೆಯಲ್ಲಿ ಹೇಳಿಸಬೇಕಾಗುತ್ತದೆ. ಅಮೆರಿಕನ್ ಸಂಜ್ಞಾಭಾಷೆಯನ್ನು ಬಳಸುವ ಕಿವುಡ ರೋಗಿಯೊಬ್ಬರ ಇಂಥ ಪರೀಕ್ಷೆಯ ವರದಿಯನ್ನು ಸಂಶೋಧಕ ಡೇವಿಡ್ ಕೊರಿನಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಎಡಮಿದುಳಿನಲ್ಲಿ ನುಡಿಗೆ ಸಂಬಂಧಿಸಿದ ಬ್ರೋಕಾ ಕ್ಷೇತ್ರವನ್ನು ಪ್ರಚೋದಿಸಿದಾಗ ಬೆರಳುಗಳ ಆಕೃತಿ ಸಡಿಲಗೊಂಡಿತು. ಸುಪ್ರಾಮಾರ್ಜಿನಲ್ ಮಡಿಕೆಯೆಂಬ ಇನ್ನೊಂದು ಭಾಗವನ್ನು ಪ್ರಚೋದಿಸಿದಾಗಲಾದರೋ ಸಂಜ್ಞೆಯ ರೂಪವೂ ಅರ್ಥವೂ ಪಲ್ಲಟಗೊಂಡವು. ಕಿವಿಗೆ ಕೇಳದ ಈ ನುಡಿಯೂ ಪರಿಪೂರ್ಣ ಭಾಷೆಯೇ ಆದುದರಿಂದ, ಅದನ್ನು ಕಾಪಾಡುವುದು ಶಸ್ತ್ರವೈದ್ಯನ ಪರಮಧರ್ಮ.