ಕೋಲಾರದ ಚಿನ್ನ: ಕರಾರಿನಲ್ಲಿ ಇಲ್ಲದ ಧೂಳು

ವಿದೇಶಿ ಬಂಡವಾಳ ಬಂದರೆ ನಾಡು ಉದ್ಧಾರವಾಗುತ್ತದೆ ಎನ್ನುವವರೂ ಹಾಳಾಗುತ್ತದೆ ಎನ್ನುವವರೂ ಒಮ್ಮೆ ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಓದಬೇಕು. ಇಬ್ಬರಿಗೂ ಅದರಲ್ಲಿ ಸಾಕ್ಷ್ಯವಿದೆ, ಇಬ್ಬರಿಗೂ ಅದರಲ್ಲಿ ಇರಿಸುಮುರಿಸೂ ಇದೆ.

1875ರಲ್ಲಿ ಮೈಸೂರು ಸರಕಾರದಿಂದ ಗಣಿ ಅಗೆಯುವ ಪರವಾನಗಿ ಪಡೆದವನು ಲಾವೆಲ್ ಎಂಬ ಮಾಜಿ ಸೈನಿಕ. ಅವನಿಗದು ದಕ್ಕಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಬಂದ ಮೇಲೆಯೇ ಕೆಲಸ ನಿಂತು ನೆಲೆಗೊಂಡದ್ದು. ಷೇರು ಕೊಂಡವರು ಲಂಡನ್ನಿನವರು, ಸುರಂಗಕ್ಕಿಳಿದವರು ಹೆಚ್ಚಿನಂಶ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು.

ಮೈಸೂರು ದರ್ಬಾರು ಇಲ್ಲಿ ದಡ್ಡತನ ತೋರಲಿಲ್ಲ. ತೆಗೆದ ಚಿನ್ನದ ಮೇಲೆ ಶೇ. 5ರ ರಾಜಧನ ವಸೂಲು ಮಾಡಿತು. ಗಣಿಗೆ ವಿದ್ಯುತ್ ಮಾರುವ ಕರಾರಿನ ಬಲದ ಮೇಲೆಯೇ ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನು ಕಟ್ಟಿತು. 1902ರಲ್ಲಿ ಸುಮಾರು 147 ಕಿ.ಮೀ. ದೂರದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬಂಡವಾಳದಾರನಿಂದ ಇಷ್ಟನ್ನು ಗಿಟ್ಟಿಸಿಕೊಂಡ ಆಡಳಿತವನ್ನು ದುರ್ಬಲವೆನ್ನಲಾಗದು.

ಆದರೆ ಈ ಜಾಣತನವೆಲ್ಲ ಚಿನ್ನದ ಲೆಕ್ಕಕ್ಕೆ ಮೀಸಲಾಯಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿಯುವುದು ಬೂದಿಬಣ್ಣದ ಪುಡಿ. ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ, ಮಿಕ್ಕಿದ್ದೆಲ್ಲ ಪುಡಿಯೇ. ಅದನ್ನು ಊರ ಪಕ್ಕದಲ್ಲೇ ಸುರಿದರು. ಜನ ಅದಕ್ಕೆ ಸೈನೈಡ್ ಗುಡ್ಡವೆಂದು ಹೆಸರಿಟ್ಟರು. ಸೈನೈಡ್ ಬಿಸಿಲಿಗೆ ಕಾಲಕ್ರಮದಲ್ಲಿ ವಿಘಟನೆಯಾಗುತ್ತದೆ, ಸಿಲಿಕಾ ಧೂಳು ಹಾಗಲ್ಲ. ಆಷಾಢದ ಗಾಳಿಗೆ ಅದು ಮನೆ, ಹೊಲಗಳ ಮೇಲೆ ಕೂರುತ್ತದೆ, ಮಳೆಗೆ ಕಾಲುವೆಗಿಳಿಯುತ್ತದೆ. ಸುರಂಗದೊಳಗಿನ ಇದೇ ಧೂಳು ಕಾರ್ಮಿಕರ ಶ್ವಾಸಕೋಶಕ್ಕಿಳಿಯಿತು. 1940ರ ದಶಕದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಸಾವಿರಾರು ಕಾರ್ಮಿಕರ ಪೈಕಿ ಶೇ. 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಗಣಿ ಆರಂಭವಾಗಿ ಆಗಲೇ ಅರವತ್ತು ವರ್ಷ!

ಇದೆಲ್ಲ ಪರಕೀಯರ ಪಾಪವೆಂದು ಕೈತೊಳೆದುಕೊಳ್ಳುವುದು ಸುಲಭ. 1956ರಲ್ಲಿ ಗಣಿ ಮೈಸೂರು ಸರಕಾರದ್ದಾಯಿತು, 1962ರಲ್ಲಿ ಕೇಂದ್ರದ್ದು. ಗುಡ್ಡಗಳು ಬೆಳೆಯುತ್ತಲೇ ಹೋದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕಾರ್ಮಿಕರು ಪರಿಹಾರಕ್ಕಾಗಿ ಕೋರ್ಟಿಗೆ ಅಲೆದರು. ಗುಡ್ಡಗಳ ಪರವಾಗಿ ಅಲೆಯುವವರು ಯಾರು? ಒಡೆಯ ಬದಲಾದರೂ ಕರಾರಿನಲ್ಲಿ ಬಿಟ್ಟುಹೋದ ಸಾಲು ಬಿಟ್ಟೇ ಹೋಯಿತು.

ಈಗ ಬಂಡವಾಳ ಕೋಲಾರ ತಾಲೂಕಿನ ನರಸಾಪುರಕ್ಕೆ ಬಂದಿದೆ. 2013ರಲ್ಲಿ ಜಪಾನಿನ ಹೋಂಡಾ, ನಂತರ ತೈವಾನಿನ ವಿಸ್ಟ್ರಾನ್. ವೇತನದ ವಿಚಾರಕ್ಕೆ 2020ರ ಡಿಸೆಂಬರಿನಲ್ಲಿ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂಧಲೆಯಾಯಿತು, 2023ರಲ್ಲಿ ಅದು ಟಾಟಾ ಪಾಲಾಯಿತು. ಮಾಲೂರಿನಲ್ಲೂ ಕೈಗಾರಿಕಾ ಪ್ರದೇಶವಿದೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಮಾವು, ಟೊಮೆಟೊ ಬೆಳೆಗಾರ ಕೊಳವೆಬಾವಿಯನ್ನು ಸಾವಿರ ಅಡಿ ಇಳಿಸಿಯೂ ನೀರು ಕಾಣದೆ ಸಾಲಗಾರನಾಗುತ್ತಾನೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಂಸ್ಕರಣೆ ಸಾಕೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಇತ್ತ ಹಳೆಯ ಗುಡ್ಡಗಳಿಗೂ ಬೆಲೆ ಬಂದಿದೆ. ಅವುಗಳಲ್ಲಿ ಅಳಿದುಳಿದ ಚಿನ್ನಕ್ಕಾಗಿ 13 ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಗುಡ್ಡವನ್ನು ಮತ್ತೆ ಕೆದಕಿದರೆ ಏಳುವ ಧೂಳನ್ನು ಯಾರು ಅಡಗಿಸಬೇಕು, ಎರಡನೆಯ ಸಲ ಉಳಿಯುವ ಪುಡಿ ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಸಲವಾದರೂ ಕರಾರಿನಲ್ಲಿ ಬರೆಯಿಸಬೇಕಾಗಿದೆ.